ಬಿಳಿಗಾರದ ನೀರು

ನರಿಕೊಂಬಿನ ಹಸೈನಾರ್ ಅವರ ಮನೆಯ ಹಿತ್ತಿಲಲ್ಲಿ ಈಜುಕೊಳವಿದೆ ಎಂದರೆ ಮೊದಮೊದಲು ಯಾರೂ ನಂಬುತ್ತಿರಲಿಲ್ಲ. ಕೂಗಿದರೆ ಕೇಳುವಷ್ಟು ದೂರದಲ್ಲಿ ನೇತ್ರಾವತಿ ಹರಿಯುವಾಗ ಮನೆಯಲ್ಲೊಂದು ಕೊಳ ಯಾರು ಕಟ್ಟಿಸುತ್ತಾರೆ? ಕಟ್ಟಿಸಿದ್ದು ಅವರ ಮಗ ಇಮ್ತಿಯಾಝ್. ದಮ್ಮಾಮಿನಲ್ಲಿ ಕೆಲಸಕ್ಕಿರುವ ಅವನು ಹಿಂದಿನ ಸಲ ರಜೆಗೆ ಬಂದಾಗ, “ಹೊಳೆಯಲ್ಲಿ ಗಂಡಸರು ಈಜ್ತಾರೆ, ನಮ್ಮ ಹೆಂಗಸರು ಎಲ್ಲಿ ಈಜುವುದು?” ಎಂದು ಕೇಳಿ, ಉತ್ತರಕ್ಕೂ ಕಾಯದೆ ಕೆಲಸದವರನ್ನು ಕರೆಸಿದ್ದ. ಸುತ್ತ ಆಳೆತ್ತರದ ಗೋಡೆ, ಅದಕ್ಕೊಂದು ಬಾಗಿಲು, ಒಳಗೆ ನೀಲಿ ಟೈಲ್ಸ್ ಹಾಕಿದ ಪುಟ್ಟ ಕೊಳ.

ಹಸೈನಾರ್ ಅದನ್ನು ಒಂದು ದಿನವೂ ಕೊಳ ಎಂದು ಕರೆದವರಲ್ಲ. ‘ಟ್ಯಾಂಕಿ’ ಎನ್ನುತ್ತಿದ್ದರು. ಬಂಟ್ವಾಳ ಪೇಟೆಯಲ್ಲಿ ಜೀವಮಾನವಿಡೀ ದಿನಸಿ ಅಂಗಡಿ ನಡೆಸಿದವರು, ನಾಲ್ಕು ಕಾಳು ಉದ್ದು ನೆಲಕ್ಕೆ ಬಿದ್ದರೂ ಬಗ್ಗಿ ಹೆಕ್ಕಿದವರು. ಮಂಗಳೂರಿನಿಂದ ಪೂಲ್ ಕಂಪೆನಿಯ ಹುಡುಗ ಬಂದು ಡಬ್ಬಿಗಟ್ಟಲೆ ಪುಡಿ ಸುರಿದು ಬಿಲ್ಲು ಕೊಟ್ಟು ಹೋದಾಗಲೆಲ್ಲ ಅವರಿಗೆ ಅರ್ಧ ದಿನ ಊಟ ಸೇರುತ್ತಿರಲಿಲ್ಲ. ಅಷ್ಟು ಸುರಿದರೂ ವಾರ ಕಳೆಯುವುದರೊಳಗೆ ನೀರು ಹಸಿರಾಗುತ್ತಿತ್ತು.

ಅವರ ಹೆಂಡತಿ ಹಫ್ಸಳಿಗೆ ಆ ಕೊಳ ಬೇರೆಯೇ ಆಗಿತ್ತು. ಅವಳ ಎರಡೂ ಮೊಣಕಾಲು ಸವೆದಿದ್ದವು. ನೀರಿನೊಳಗೆ ನಡೆದರೆ ಒಳ್ಳೆಯದೆಂದು ಡಾಕ್ಟರು ಹೇಳಿದ್ದರು. ದಿನಾ ಸಂಜೆಯ ಅಸರ್ ನಮಾಝ್ ಮುಗಿದ ಮೇಲೆ ಸೊಸೆ ಸಬೀಹಾ ಅವಳ ಕೈ ಹಿಡಿದು ಮೆಟ್ಟಿಲಿಳಿಸುತ್ತಿದ್ದಳು. ಎದೆಮಟ್ಟ ನೀರಿಗೆ ಬಂದ ಕೂಡಲೇ ಮೈಯ ಭಾರವನ್ನು ಯಾರೋ ಇಳಿಸಿಕೊಂಡ ಹಾಗಾಗುತ್ತಿತ್ತು. ನೈಟಿ ನೀರಿನಲ್ಲಿ ಬಲೂನಿನ ಹಾಗೆ ಉಬ್ಬಿ, ಅದನ್ನು ಕಂಡು ಒಂಬತ್ತನೆಯ ಕ್ಲಾಸಿನ ಮೊಮ್ಮಗಳು ಫಿದಾ ಬಿದ್ದು ಬಿದ್ದು ನಗುವಾಗ, ಹಫ್ಸ ಈ ತುದಿಯಿಂದ ಆ ತುದಿಗೆ ಮದುಮಗಳ ಹಾಗೆ ಮೆಲ್ಲಗೆ ನಡೆಯುತ್ತಿದ್ದಳು.

ಆದರೆ ಈಚೆಗೆ ನೀರಿನಿಂದ ಎದ್ದು ಬಂದ ಮೇಲೆ ಅವಳ ಕಣ್ಣು ಉರಿಯುತ್ತಿತ್ತು. ಕುತ್ತಿಗೆಯ ಸುತ್ತ ತುರಿಕೆ. ಅವಳು ಅದನ್ನು ಯಾರಿಗೂ ಹೇಳಲಿಲ್ಲ.

“ಕಣ್ಣು ಯಾಕೆ ಕೆಂಪಾಗಿದೆ?” ಎಂದು ಹಸೈನಾರ್ ಒಂದು ಬೆಳಿಗ್ಗೆ ಕೇಳಿದರು.

“ಈರುಳ್ಳಿ ಹೆಚ್ಚಿದೆ.”

“ಗಂಜಿಗೆ ಈರುಳ್ಳಿ ಯಾಕೆ ಉಮ್ಮಾಮ?” ಎಂದು ಫಿದಾ ಬಾಯಿ ಹಾಕಿದಳು. ಹಫ್ಸ ಅವಳ ಬಟ್ಟಲಿಗೆ ಇನ್ನೊಂದು ಸೌಟು ಗಂಜಿ ಬಡಿಸಿ ಬಾಯಿ ಮುಚ್ಚಿಸಿದಳು.

ಈದ್ ಮುಗಿದ ಮಾರನೆಯ ವಾರ ನೀರು ಮತ್ತೆ ಹಸಿರು ತಿರುಗಿತು. ಮಧ್ಯಾಹ್ನ ಊಟಕ್ಕೆ ಕುಳಿತಾಗ ಹಸೈನಾರ್ ಬಂಗುಡೆಯ ಮುಳ್ಳು ಬಿಡಿಸುತ್ತಾ ಸುದ್ದಿ ಮುಟ್ಟಿಸಿದರು.

“ಸುಧಾಕರನ ಹತ್ತಿರ ಮಾತಾಡಿದ್ದೇನೆ. ಅವನ ಟಿಪ್ಪರಿನಲ್ಲಿ ಮಣ್ಣು ತರ್ತಾನೆ. ಟ್ಯಾಂಕಿ ತುಂಬಿಸಿ ಮೇಲೆ ಶೀಟು ಹಾಕಿದ್ರೆ ಇಮ್ತಿಯಾಝ್ ಬಂದಾಗ ಕಾರು ನಿಲ್ಲಿಸ್ಲಿಕ್ಕೆ ಆಗ್ತದೆ.”

ಹಫ್ಸಳ ಕೈಯ ಸೌಟು ಪಾತ್ರೆಯಲ್ಲೇ ನಿಂತಿತು. ಸಬೀಹಾ ಮಾತ್ರ ತಲೆಯೆತ್ತಿದಳು. ಉಜಿರೆಯಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಓದಿದವಳು. ಮಾತು ಕಡಿಮೆ, ಆಡಿದರೆ ಹಿಂದೆ ತೆಗೆದುಕೊಳ್ಳುವುದು ಇನ್ನೂ ಕಡಿಮೆ.

“ಮಾಮ, ಒಂದು ಉಪಾಯ ಉಂಟು. ನಾವು ಬ್ಲೀಚಿಂಗ್ ಪೌಡರ್ ಹಾಕಿದ ಹಾಗೆಲ್ಲ ನೀರು ಸೋಪಿನ ನೀರಿನ ಹಾಗೆ ಕ್ಷಾರ ಆಗ್ತಾ ಹೋಗ್ತದೆ. ಆಮೇಲೆ ಎಷ್ಟು ಬ್ಲೀಚಿಂಗ್ ಹಾಕಿದ್ರೂ ಅದು ಕೆಲಸ ಮಾಡುವುದಿಲ್ಲ. ಪಾಚಿ ಕಟ್ತದೆ, ಕಣ್ಣು ಉರೀತದೆ. ಬೋರಾಕ್ಸ್ ಹಾಕಿದ್ರೆ ನೀರು ಒಂದು ಹದದಲ್ಲಿ ನಿಲ್ತದೆ, ಪಾಚಿಯೂ ಬೇಗ ಬರುವುದಿಲ್ಲ.”

“ಯಾರ ಕಣ್ಣು ಉರಿಯುವುದು?”

“ಸಾರು ಹಾಕ್ಲಾ?” ಎಂದು ಹಫ್ಸ ನಡುವೆ ಬಂದಳು.

“ಕಂಪೆನಿಯವರು ಅದನ್ನೇ ಚಂದದ ಡಬ್ಬಿಯಲ್ಲಿ ತುಂಬಿಸಿ ಮಾರ್ತಾರೆ,” ಸಬೀಹಾ ಬಿಡಲಿಲ್ಲ. “ಕೊಕ್ಕಡದಲ್ಲಿ ನಮ್ಮ ಅಣ್ಣ ತೆಂಗಿಗೆ ಹಾಕ್ಲಿಕ್ಕೆ ಗೋಣಿಯಲ್ಲಿ ತರಿಸುವುದು ಸಹ ಅದನ್ನೇ. ಡಬ್ಬಿಯ ಕಾಲು ಬೆಲೆಯೂ ಇಲ್ಲ. ಒಂದು ಸಲ ಹಾಕಿದ್ರೆ ತುಂಬ ಸಮಯ ನೀರಿನಲ್ಲೇ ಇರ್ತದೆ.”

“ತೆಂಗಿನ ಗೊಬ್ಬರ ಮನುಷ್ಯರು ಮೀಯುವ ನೀರಿಗಾ?”

“ಕೇರಂ ಪೌಡರ್ ಸಹ ಅದೇ ಜಾತಿಯದ್ದು ಉಪ್ಪಾಪ,” ಎಂದಳು ಫಿದಾ.

“ಹಾಗಾದ್ರೆ ಕೇರಂ ಬೋರ್ಡನ್ನೂ ತಂದು ಮುಳುಗಿಸುವ.”

ಫಿದಾ ನಕ್ಕಳು. ಹಸೈನಾರ್ ಅವರ ಮೀಸೆಯಡಿಯೂ ಏನೋ ಅಲುಗಿತು. ಅಷ್ಟರಲ್ಲಿ ಸಬೀಹಾ, “ಬೋರಾಕ್ಸಿನ ಜೊತೆಗೆ ಟೈಲ್ಸ್ ತೊಳೆಯುವ ಆಸಿಡ್ ಸಹ ಹಾಕ್ಬೇಕಾಗ್ತದೆ” ಎಂದುಬಿಟ್ಟಳು.

“ಆಸಿಡ್!” ಹಸೈನಾರ್ ತಟ್ಟೆ ಸರಿಸಿದರು. “ಮಗು ಇರುವ ಮನೆಗೆ ಆಸಿಡ್ ಬರಬಾರದು. ಈ ಮಾತು ಇಲ್ಲಿಗೆ ಮುಗೀತು.”

“ನಾನು ಮಗು ಅಲ್ಲ,” ಎಂದಳು ಫಿದಾ. ಆ ದೂರನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮಾತು ಮುಗಿಯಲಿಲ್ಲ. ಸಬೀಹಾ ಅಣ್ಣನಿಗೆ ಫೋನು ಮಾಡಿದಳು. ಹನೀಫಾ ಬಂಟ್ವಾಳಕ್ಕೆ ರಬ್ಬರ್ ಶೀಟು ತರುವ ದಿನ ಪಿಕಪ್ಪಿನಲ್ಲಿ ಎರಡು ಗೋಣಿ ಬೋರಾಕ್ಸ್ ತಂದು ಸೌದೆ ತುಂಬಿಡುವ ವಿರಕು ಕೊಟ್ಟಿಗೆಯಲ್ಲಿಳಿಸಿ, ಚಾ ಕುಡಿದು ಹೋದ. ಮರುದಿನ ಹಸೈನಾರ್ ಮೂಡಬಿದ್ರೆಗೆ ತಂಗಿ ನೆಬಿಸಳ ಮನೆಗೆ ಒಂದು ರಾತ್ರಿಯ ಮಟ್ಟಿಗೆ ಹೋದರು. ಅವರು ಹತ್ತಿದ ಬಸ್ಸು ಕಣ್ಮರೆಯಾಗುವುದೇ ತಡ, ಸಬೀಹಾ ನೈಟಿಯ ತುದಿ ಸೊಂಟಕ್ಕೆ ಸಿಕ್ಕಿಸಿದಳು.

“ಆಸಿಡ್ ಇಲ್ಲದೆ ಆಗ್ತದಾ?” ಹಫ್ಸ ಕೇಳಿದಳು.

“ಇವತ್ತು ಒಂದು ಗೋಣಿ ಹಾಕುವ ಮಾಮಿ. ಆಸಿಡ್ ಆಮೇಲೆ ಹೇಗಾದ್ರೂ ತರಿಸ್ತೇನೆ. ಒಮ್ಮೆ ಶುರು ಮಾಡಿದ್ರೆ ಮಾಮ ಬೇಡ ಅನ್ಲಿಕ್ಕಿಲ್ಲ.”

ಹಫ್ಸಳಿಗೆ ಸರಿ ಕಾಣಲಿಲ್ಲ. ಆದರೂ ಮೆಟ್ಟಿಲ ಮೇಲೆ ಕುಳಿತು ಬಾಲ್ದಿಯ ಬಿಸಿನೀರಿನಲ್ಲಿ ಬೋರಾಕ್ಸಿನ ಹರಳು ಕದಡಿಕೊಟ್ಟಳು. ಫಿದಾ ಒಂದೊಂದೇ ಬಾಲ್ದಿ ಒಯ್ದು ಅಂಚಿನಲ್ಲಿ ಸುರಿದಳು. ಮೂವರೂ ಬೆವರಿದರು. ಕೆಲಸ ಮುಗಿದಾಗ ಏನೋ ಸಾಧಿಸಿದ ಹುರುಪಿನಲ್ಲಿ ಸಬೀಹಾ ಮೊಟ್ಟೆ ಒಡೆದು ಎಲ್ಲರಿಗೂ ಆಮ್ಲೆಟ್ ಹಾಕಿದಳು.

ಬೆಳಗಾದಾಗ ಕೊಳದಲ್ಲಿ ನೀರಿರಲಿಲ್ಲ, ಗಂಜಿತಿಳಿ ಇತ್ತು. ಅಡಿಯ ಟೈಲ್ಸು ಹೋಗಲಿ, ಮೊದಲನೆಯ ಮೆಟ್ಟಿಲೂ ಕಾಣದಷ್ಟು ಬಿಳಿ. ಸಬೀಹಾ ಪುಟ್ಟ ಶೀಶೆಯಲ್ಲಿ ನೀರು ಹಿಡಿದು ಕ್ಷಾರ ಪರೀಕ್ಷೆಯ ಮದ್ದಿನ ಹನಿ ಬಿಟ್ಟಳು. ಕಿತ್ತಳೆ ಬರಬೇಕಾದಲ್ಲಿ ಬೀಟ್ರೂಟಿನ ಬಣ್ಣ ಬಂತು. ಅವಳು ಶೀಶೆಯನ್ನು ಬೆಳಕಿಗೆ ಹಿಡಿದು ನಿಂತೇ ಇದ್ದಳು. ಅಂಗಳದಲ್ಲಿ ಹಸೈನಾರ್ ಚಪ್ಪಲಿ ಬಿಡುವ ಸದ್ದಾಯಿತು.

ಅವರು ಕೊಳ ನೋಡಿದರು. ಖಾಲಿ ಗೋಣಿ ನೋಡಿದರು. ಸೊಸೆಯನ್ನು ನೋಡಿದರು.

“ನಾನು ಬೇಡ ಅಂದದ್ದು ಕೇಳಲಿಲ್ವಾ?”

“ತಪ್ಪಾಯ್ತು ಮಾಮ. ಆಸಿಡ್ ಒಟ್ಟಿಗೇ ಹಾಕ್ಬೇಕಿತ್ತು. ನಾನು ಅವಸರ ಮಾಡಿದೆ.”

“ತಪ್ಪಾಯ್ತು ಅಂದ್ರೆ ಮುಗೀತಾ? ನಾಳೆ ಯಾರಿಗಾದ್ರೂ ಮೈಯೆಲ್ಲ ಸುಟ್ಟ ಹಾಗಾದ್ರೆ ಇಮ್ತಿಯಾಝ್‌ಗೆ ಯಾರು ಉತ್ತರ ಕೊಡುವುದು? ಕಾಲೇಜಿನಲ್ಲಿ ಕಲಿತದ್ದು ಹಿರಿಯರ ಬೆನ್ನ ಹಿಂದೆ ಮಾಡುವುದನ್ನಾ?”

ಸಬೀಹಾಳ ಮುಖ ಬಿಳುಚಿತು. ನೀರಿನ ಮಾತಾಗಿದ್ದರೆ ಅವಳು ಸಹಿಸಿಕೊಳ್ಳುತ್ತಿದ್ದಳು. ಕೊನೆಯ ಮಾತು ನಾಟಿತು. ಹಸೈನಾರ್ ಅಲ್ಲೇ ಫೋನು ತೆಗೆದು ಸುಧಾಕರನಿಗೆ ನಾಳೆಯೇ ಮಣ್ಣು ತರಲು ಹೇಳಿದರು.

ಹೊತ್ತೇರುವಾಗ ಹಫ್ಸ ಸೊಸೆಯ ಕೋಣೆಗೆ ಹೋದಳು. ಮಂಚದ ಮೇಲೆ ಸೂಟ್‌ಕೇಸು ಬಾಯಿ ತೆರೆದುಕೊಂಡಿತ್ತು.

“ಕೊಕ್ಕಡಕ್ಕೆ ಎರಡು ದಿನ ಹೋಗಿ ಬರ್ತೇನೆ ಮಾಮಿ. ಫಿದಾಳಿಗೂ ರಜೆ.”

ಹಫ್ಸ ಸೂಟ್‌ಕೇಸಿನೊಳಗೆ ನೋಡಿದಳು. ಬಟ್ಟೆಗಳ ಅಡಿಯಲ್ಲಿ ಫಿದಾಳ ರೈನ್‌ಕೋಟು ಇತ್ತು. ಹೊರಗೆ ಎಪ್ರಿಲಿನ ಬಿಸಿಲು ಸುಡುತ್ತಿತ್ತು. ಅವಳು ರೈನ್‌ಕೋಟಿನ ಬಗ್ಗೆ ಕೇಳಲಿಲ್ಲ. “ಊಟ ಮಾಡಿ ಹೋಗು” ಎಂದಷ್ಟೇ ಹೇಳಿ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ನಡೆದಳು.

ಆ ದಿನ ಹಸೈನಾರ್ ಊಟಕ್ಕೆ ಬಂದಾಗ ಅವರ ತಟ್ಟೆ ಖಾಲಿಯಿತ್ತು. ಎದುರಿಗೆ ಹಫ್ಸ ಕುಳಿತು ಉಣ್ಣುತ್ತಿದ್ದಳು. ಮದುವೆಯಾದಂದಿನಿಂದ ಅವಳು ಅವರಿಗಿಂತ ಮೊದಲು ತುತ್ತೆತ್ತಿದ್ದು ಅವರಿಗೆ ನೆನಪಿರಲಿಲ್ಲ.

“ಹಾಕ್ಕೊಳ್ಳಿ,” ಎಂದಳು. “ನನಗೆ ನಿಲ್ಲಿಕ್ಕೆ ಆಗುವುದಿಲ್ಲ.”

ಅವರು ಅನ್ನದ ಪಾತ್ರೆಯ ಮುಚ್ಚಳ ತೆಗೆದು, ಸೌಟು ಎಲ್ಲಿದೆಯೆಂದು ಹುಡುಕಿ, ಬಡಿಸಿಕೊಂಡರು. ಸಬೀಹಾ ಬಾಗಿಲ ಬಳಿ ನಿಂತಳು.

“ಕಣ್ಣು ಉರೀತಿದ್ದದ್ದು ನನ್ನದು,” ಎಂದಳು ಹಫ್ಸ. “ಈರುಳ್ಳಿ ಅಂತ ಸುಳ್ಳು ಹೇಳಿದ್ದು. ಕುತ್ತಿಗೆಯಲ್ಲಿ ತುರಿಸ್ತಿತ್ತು. ಸಬೀಹಾಳಿಗೂ ಹೇಳಿರಲಿಲ್ಲ. ಅವಳೇ ನೋಡಿ ಗೊತ್ತು ಮಾಡಿಕೊಂಡದ್ದು. ಅದಕ್ಕೇ ಅವಳು ಇಷ್ಟೆಲ್ಲ ಮಾಡಿದ್ದು.”

“ನನಗೆ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನೀವು ಅವತ್ತೇ ಮಣ್ಣು ತರಿಸ್ತಿದ್ರಿ.”

“ಅಲ್ಲ ಮಾರಾಯ್ತಿ, ಉರಿಯುವ ನೀರಿಗೆ ಮತ್ತೆ ಮತ್ತೆ ಯಾಕೆ ಇಳಿಯುವುದು?”

ಹಫ್ಸ ತಟ್ಟೆಯಲ್ಲಿ ಬೆರಳಾಡಿಸಿದಳು. “ನಿಂತ್ರೆ ನೋಯ್ತದೆ. ಕೂತ್ರೆ ನೋಯ್ತದೆ. ನಮಾಝಿಗೆ ಕುರ್ಚಿ ಹಾಕಿಕೊಂಡ್ರೂ ನೋಯ್ತದೆ. ಮಲಗಿ ಮಗ್ಗುಲು ತಿರುಗಿದ್ರೆ ನಿಮಗೆ ಎಚ್ಚರ ಆಗ್ಬಾರ್ದು ಅಂತ ಬಾಯಿ ಮುಚ್ಚಿಕೊಳ್ತೇನೆ. ಈ ಮನೆಯಲ್ಲಿ ನೋವಿಲ್ಲದೆ ನಾನು ನಿಲ್ಲುವ ಜಾಗ ಅದೊಂದೇ. ಅದಕ್ಕೆ ಮಣ್ಣು ಹಾಕುವುದಾದ್ರೆ ಹಾಕಿ. ಆದ್ರೆ ಅವಳು ಹಿರಿಯರ ಬೆನ್ನ ಹಿಂದೆ ಮಾಡಿದ್ಲು ಅನ್ಬೇಡಿ. ಬಾಲ್ದಿಯಲ್ಲಿ ಹರಳು ಕದಡಿದ್ದು ನಾನು.”

ಮಾತು ಮುಗಿಸಿ ಅವಳು ಮೀನಿನ ತುಂಡು ಮುರಿದಳು. ಹಸೈನಾರ್ ಉಂಡರು, ಕೈ ತೊಳೆದರು, ವಿರಕು ಕೊಟ್ಟಿಗೆಯ ಕಡೆ ಹೋದರು. ಉಳಿದಿದ್ದ ಗೋಣಿಯ ಬಾಯಿ ಬಿಚ್ಚಿ ಒಂದು ಹಿಡಿ ಹರಳು ತೆಗೆದು, ಅಂಗಡಿಯಲ್ಲಿ ಸಕ್ಕರೆ ನೋಡುತ್ತಿದ್ದ ಹಾಗೆ ಅಂಗೈಯಲ್ಲಿ ಹರಡಿ, ಹೆಬ್ಬೆರಳಿನಿಂದ ಉಜ್ಜಿದರು.

“ಸಬೀಹಾ!”

ಅವಳು ಓಡಿಬಂದಳು. ಹಿಂದೆ ಫಿದಾ. ಗೋಡೆ ಹಿಡಿದು ಹಫ್ಸ.

“ಇದು ಬಿಳಿಗಾರ ಅಲ್ವಾ?”

“ಬೋರಾಕ್ಸ್ ಮಾಮ.”

“ಎಂಥ ಬೋರಾಕ್ಸ್? ಬಿಳಿಗಾರ! ಅಕ್ಕಸಾಲಿಗರು ಬೆಸುಗೆಗೆ ಹಾಕುವುದು ಇದನ್ನೇ. ಪೇಟೆಯಲ್ಲಿ ಇರುವಷ್ಟು ಆಚಾರಿಗಳಿಗೆ ಪೊಟ್ಟಣ ಕಟ್ಟಿ ಕೊಟ್ಟವನು ನಾನು. ನೀನು ಬೋರಾಕ್ಸ್ ಬೋರಾಕ್ಸ್ ಅಂತ ಇಂಗ್ಲಿಷಿನಲ್ಲಿ ಹೇಳಿದ್ರೆ ನನಗೆ ಹೇಗೆ ಗೊತ್ತಾಗ್ಬೇಕು?” ಅವರ ದನಿಯಲ್ಲಿ ಸಿಟ್ಟಿತ್ತು, ಆದರೆ ಅದು ಬೆಳಗಿನ ಸಿಟ್ಟಲ್ಲ. “ಇದಕ್ಕೆ ಆಸಿಡ್ ಯಾಕೆ?”

“ಬಿಳಿಗಾರ ಸಹ ನೀರನ್ನು ಕ್ಷಾರ ಮಾಡ್ತದೆ ಮಾಮ. ಅದನ್ನು ಆಸಿಡ್ ಹಾಕಿ ಇಳಿಸ್ಬೇಕು. ಇಳಿದ ಮೇಲೆ ಅದು ಅಲ್ಲೇ ನಿಲ್ತದೆ, ಮೇಲೆ ಕೆಳಗೆ ಆಗುವುದಿಲ್ಲ. ಈಗ ಬಿಳಿ ಆದದ್ದು ನೀರಿನಲ್ಲಿದ್ದ ಸುಣ್ಣ ಹೊರಗೆ ಬಂದದ್ದು. ಅದೂ ಕರಗ್ತದೆ.”

ಹಸೈನಾರ್ ಹರಳನ್ನು ಒಂದೂ ಕೆಳಗೆ ಬೀಳದ ಹಾಗೆ ಗೋಣಿಗೆ ಹಾಕಿ ಬಾಯಿ ಕಟ್ಟಿದರು. “ಆಸಿಡ್ ಹಾಕುವುದು ನಾನು. ನೀವು ಹೆಂಗಸರು ಯಾರೂ ಹತ್ತಿರ ಬರಬಾರದು. ಹೇಗೆ ಹಾಕುವುದು ಅಂತ ದೂರದಲ್ಲಿ ನಿಂತು ಹೇಳು.” ಒಂದು ಹೆಜ್ಜೆ ಹೋಗಿ ತಿರುಗಿದರು. “ಆ ಸೂಟ್‌ಕೇಸು ಅಟ್ಟಕ್ಕೆ ಹಾಕು. ಬೆಳಿಗ್ಗೆ ನಾನು ಅಂದದ್ದು… ಬಿಸಿಲಿನಲ್ಲಿ ಬಂದಿದ್ದೆ.”

ಸಬೀಹಾ ತಲೆಯಾಡಿಸಿದಳು. ಕಣ್ಣೊರೆಸಿಕೊಳ್ಳುವುದನ್ನು ಫಿದಾ ನೋಡಬಾರದೆಂದು ಗೋಣಿಯ ಕಡೆ ತಿರುಗಿದಳು.

ಸುಧಾಕರನಿಗೆ ಬೇಡವೆಂದು ಫೋನು ಮಾಡುವಷ್ಟರಲ್ಲಿ ಟಿಪ್ಪರು ದಾರಿಯಲ್ಲಿತ್ತು. “ನಾಳೆಗೆ ಬೇರೆ ಕಡೆ ಕೆಲಸ ಉಂಟು, ಅದಕ್ಕೆ ಇವತ್ತೇ ತಂದೆ” ಎಂದು ಹೇಳಿ ಅವನು ಗೇಟಿನ ಹೊರಗೆ ಕೆಂಪು ಮಣ್ಣು ಸುರಿದು ಹೋದ.

ಆಸಿಡ್ ಕ್ಯಾನುಗಳು ಆಟೋದಲ್ಲಿ ಬಂದವು. ಹಸೈನಾರ್ ಮಳೆಗಾಲದ ಬೂಟು ಹಾಕಿ, ಕೈಗೆ ರಬ್ಬರ್ ಗ್ಲೌಸು ತೊಟ್ಟು, ಮೂಗು ಬಾಯಿಗೆ ಬೈರಾಸು ಸುತ್ತಿ, ಫಿದಾಳ ವಿಜ್ಞಾನದ ಲ್ಯಾಬಿನ ಕನ್ನಡಕ ಏರಿಸಿಕೊಂಡರು. “ಉಪ್ಪಾಪ ಜೇನು ತೆಗೀಲಿಕ್ಕೆ ಹೊರಟ ಹಾಗೆ ಉಂಟು” ಎಂದಳು ಫಿದಾ.

“ಬಾಲ್ದಿಯಲ್ಲಿ ಮೊದಲು ನೀರು ಮಾಮ, ಆಮೇಲೆ ಆಸಿಡ್,” ಸಬೀಹಾ ಬಾಗಿಲಿನಿಂದ ಕೂಗಿದಳು. “ಆಸಿಡಿಗೆ ನೀರು ಹಾಕ್ಬಾರ್ದು!”

“ಗೊತ್ತಾಯ್ತು.”

“ಗಾಳಿ ಎಲ್ಲಿಂದ ಬರ್ತದೆ ನೋಡಿ!”

“ಗೊತ್ತಾಯ್ತು ಮಾರಾಯ್ತಿ!”

ಪಂಪು ಓಡುತ್ತಿತ್ತು. ಬೆಳಿಗ್ಗೆ ಸ್ವಲ್ಪ, ಸಂಜೆ ಸ್ವಲ್ಪ ಹಾಕಿದರು. ಪ್ರತಿ ಸಲವೂ ಸಬೀಹಾ ಶೀಶೆ ತೋರಿಸುತ್ತಿದ್ದಳು, ಮಾವ ಕನ್ನಡಕ ಹಣೆಗೇರಿಸಿ ನೋಡುತ್ತಿದ್ದರು. ಬೀಟ್ರೂಟಿನ ಬಣ್ಣ ದಾಸವಾಳವಾಯಿತು, ದಾಸವಾಳ ಕಿತ್ತಳೆಯಾಯಿತು. ಆಮೇಲೆ ಎರಡನೆಯ ಗೋಣಿ. ಈ ಸಲ ಅಳೆದು, ಒಂದಿಷ್ಟು ಬಿಳಿಗಾರ, ಅದಕ್ಕೆ ಸರಿಯಾಗಿ ಆಸಿಡ್. ನಡುವೆ ಒಂದು ದಿನ ಇಬ್ಬರಿಗೂ ಲೆಕ್ಕ ತಪ್ಪಿ ಜಗಳವಾಯಿತು. ಸೋತವರು ಯಾರೆಂದು ಗೊತ್ತಾಗಲಿಲ್ಲ, ಊಟಕ್ಕೆ ಇಬ್ಬರೂ ತಡವಾಗಿ ಬಂದರು. ಫಿಲ್ಟರು ತೊಳೆದ ನೀರು ಮೊದಲು ಹಫ್ಸಳ ಬಸಳೆ ಚಪ್ಪರಕ್ಕೆ ಹೋಗುತ್ತಿತ್ತು. ಇನ್ನು ಅದು ಗಿಡಗಳಿಗೆ ಆಗದು, ಎಲೆ ಸುಡುತ್ತದೆ, ದನ ಆಡು ಕುಡಿಯಲೂಬಾರದು ಎಂದು ಸಬೀಹಾ ಹೇಳಿದ್ದಕ್ಕೆ ಹಸೈನಾರ್ ಅದನ್ನು ಹಿಂದಿನ ಇಂಗುಗುಂಡಿಗೆ ತಿರುಗಿಸಿದರು. ಬಸಳೆಗೆ ಬಾವಿಯಿಂದ ತಾವೇ ನೀರು ಸೇದಿ ಹಾಕತೊಡಗಿದರು.

ಬಿಳುಪು ಒಮ್ಮೆಲೇ ಹೋಗಲಿಲ್ಲ. ಒಂದು ದಿನ ಎರಡನೆಯ ಮೆಟ್ಟಿಲು ಕಂಡಿತು, ಇನ್ನೊಂದು ದಿನ ಮೂರನೆಯದು. ಕೊನೆಗೊಂದು ಮಧ್ಯಾಹ್ನ ಸೂರ್ಯ ನೆತ್ತಿಗೆ ಬಂದಾಗ ಅಡಿಯ ನೀಲಿ ಟೈಲ್ಸಿನ ಗೆರೆಗಳೆಲ್ಲ ಮೇಲೆ ತೇಲಿ ಬಂದ ಹಾಗೆ ಕಂಡವು. ನೀರು ನಿಂತಲ್ಲೇ ಮಿನುಗುತ್ತಿತ್ತು.

ಆ ಸಂಜೆ ಹಫ್ಸ ಇಳಿದಳು. ಎಣ್ಣೆ ಹಚ್ಚಿ ಮಿಂದ ಹಾಗೆ ನೀರು ಮೈಗೆ ನುಣುಪಾಗಿ ತಾಗಿತು. ಬಾಗಿಲಿನ ಹೊರಗಿನಿಂದ ಹಸೈನಾರ್ ಕೆಮ್ಮಿದರು.

“ಉರೀತದಾ?”

“ಇಲ್ಲ.”

“ನಿಜ ಹೇಳು.”

“ನಿಜವೇ. ಉರೀತದೆ ಅಂತ ಹೇಳ್ಲಿಕ್ಕೆ ಇನ್ನು ನನಗೆ ಹೆದರಿಕೆ ಉಂಟಾ?”

ಹೊರಗೆ ಚಪ್ಪಲಿಯ ಸದ್ದು ಬಾವಿಯ ಕಡೆ ಹೋಯಿತು.

ಶುಕ್ರವಾರ ವೀಡಿಯೊ ಕಾಲಿನಲ್ಲಿ ಇಮ್ತಿಯಾಝ್ ಅಂಗಳ ನೋಡಿ, “ಉಪ್ಪ, ಗೇಟಿನ ಹತ್ತಿರ ಅದೆಂಥ ಮಣ್ಣಿನ ಗುಡ್ಡೆ?” ಎಂದು ಕೇಳಿದ. ಸಬೀಹಾ ಫೋನನ್ನು ಮಾವನ ಕೈಗೆ ಕೊಟ್ಟು ಒಳಗೆ ಹೋದಳು.

“ತೆಂಗಿನ ಬುಡಕ್ಕೆ,” ಎಂದರು ಹಸೈನಾರ್.

“ನಮಗಿರುವುದು ನಾಲ್ಕು ತೆಂಗು ಅಲ್ವಾ ಉಪ್ಪ?”

“ಚೆನ್ನಾಗಿ ಹಾಕುವ ಅಂತ.”

ಮೇ ತಿಂಗಳಲ್ಲಿ ನೆಬಿಸ ಮೂಡಬಿದ್ರೆಯಿಂದ ಬಂದಳು. ಅಣ್ಣನಿಗಿಂತ ಎರಡು ಪಟ್ಟು ಜೋರು ದನಿ, ಮಾವಿನ ಹಣ್ಣಿನ ಎರಡು ಚೀಲ. ಹಫ್ಸ ಅಸರ್ ಮುಗಿಸಿ ಟವೆಲು ಹೆಗಲಿಗೆ ಹಾಕಿದ್ದನ್ನು ನೋಡಿ ಗಲ್ಲಕ್ಕೆ ಬೆರಳಿಟ್ಟಳು.

“ಈ ವಯಸ್ಸಿನಲ್ಲಿ ನೀರಾಟವಾ ಅತ್ತಿಗೆ? ಮೊಮ್ಮಗಳ ಸರೀಕಳಾ ನೀನು? ಅಣ್ಣ, ನೀನಾದ್ರೂ ಹೇಳ್ಬಾರ್ದಾ?”

ಹಫ್ಸ ಟವೆಲು ಕೈಗೆ ತೆಗೆದುಕೊಂಡು ನಿಂತಳು. ಹಸೈನಾರ್ ಪೇಪರಿನಿಂದ ತಲೆಯೆತ್ತಿದರು.

“ನಿನಗೂ ಸೊಂಟ ನೋವು ಅಂತ ಮೊನ್ನೆ ಅಳ್ತಾ ಇದ್ಯಲ್ಲ? ಸಬೀಹಾಳ ಹತ್ತಿರ ಒಂದು ನೈಟಿ ಕೇಳಿ ಹಾಕ್ಕೊ. ಇಳಿ.”

“ನಾನಾ?”

“ಮತ್ತೆ ನಾನಾ? ಬಿಳಿಗಾರ ಹಾಕಿದ ನೀರು, ಹೆದರ್ಬೇಡ. ಕುಡೀಬೇಡ ಅಷ್ಟೇ.” ಅವರು ಕುರ್ಚಿ ಎತ್ತಿಕೊಂಡು ಹೋಗಿ ಕೊಳದ ಬಾಗಿಲಿನ ಹೊರಗೆ ಬೆನ್ನು ಕೊಟ್ಟು ಹಾಕಿದರು. “ಯಾರೂ ಬಾರದ ಹಾಗೆ ನಾನು ಇಲ್ಲಿ ಕೂರ್ತೇನೆ.”

ನೆಬಿಸ ಅರ್ಧ ಗಂಟೆ ಮೆಟ್ಟಿಲಿನಲ್ಲೇ ಕುಳಿತು ಬೈದಳು. ಆಮೇಲೆ ಪಾದ ಅದ್ದಿದಳು. ಆಮೇಲೆ ಫಿದಾ ಕೈ ಹಿಡಿದು ಎಳೆದಳು. ಒಂದು ಕಿರುಚು, ಒಂದು ದೊಡ್ಡ ಧುಡುಂ, ಅದರ ಬೆನ್ನಿಗೆ ನಾಲ್ಕು ಹೆಂಗಸರ ನಗು ಗೋಡೆ ಹಾರಿ ಹೊರಗೆ ಬಂತು. ಸೊಂಟದ ಮಟ್ಟ ನೀರಿನಲ್ಲಿ ನೆಬಿಸ ಹಫ್ಸಳ ಭುಜ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

“ಅತ್ತಿಗೆ, ಬಿಡ್ಬೇಡ ನನ್ನ.”

“ಬಿಡುವುದಿಲ್ಲ. ನಡಿ. ಮೆಲ್ಲಗೆ.”

ಇಬ್ಬರೂ ಒಂದು ಸುತ್ತು ನಡೆದರು, ಇನ್ನೊಂದು ಸುತ್ತು ನಡೆದರು. ಮುಸ್ಸಂಜೆಯ ಮಗ್ರಿಬ್ ನಮಾಝಿಗೆ ಇನ್ನೂ ಹೊತ್ತಿತ್ತು. ಹೊರಗಿನಿಂದ ಹಸೈನಾರ್ ಕೂಗಿದರು.

“ಹಫ್ಸ, ಇವತ್ತು ಚಾ ಇಲ್ವಾ?”

ಸಬೀಹಾ ಮೆಟ್ಟಿಲ ಕಡೆ ಹೊರಟಳು. ಹಫ್ಸ ಅವಳ ತೋಳು ಹಿಡಿದು ನಿಲ್ಲಿಸಿದಳು.

“ನೀವೇ ಮಾಡಿ!” ಎಂದು ಗೋಡೆಯ ಕಡೆ ಮುಖ ಮಾಡಿ ಕೂಗಿದಳು. “ಚಾಪುಡಿ ಒಲೆಯ ಮೇಲಿನ ಕಪಾಟಿನಲ್ಲಿ ಉಂಟು!”

ನೆಬಿಸಳ ಬಾಯಿ ತೆರೆದೇ ಉಳಿಯಿತು. ಕುರ್ಚಿ ಕಿರ್ರೆಂದಿತು. ಸ್ವಲ್ಪ ಹೊತ್ತಿನ ಮೇಲೆ ಅಡುಗೆಮನೆಯಲ್ಲಿ ಯಾವುದೋ ಮುಚ್ಚಳ ಬಿದ್ದು ಉರುಳಿತು, ಇನ್ನೊಂದು ಬಿತ್ತು, ಹಾಲು ಉಕ್ಕಿ ಸುಟ್ಟ ವಾಸನೆ ಹಿತ್ತಿಲಿಗೆಲ್ಲ ಹಬ್ಬಿತು. ಸಬೀಹಾಳ ಕಾಲು ನೀರಿನಲ್ಲಿ ಚಡಪಡಿಸಿತು. ಹಫ್ಸ ಹಿಡಿದ ಕೈ ಬಿಡಲಿಲ್ಲ.

ಬಾಗಿಲು ಒಂದು ಗೇಣು ತೆರೆಯಿತು. ತಟ್ಟೆಯಲ್ಲಿ ನಾಲ್ಕು ಲೋಟ ಇಟ್ಟ ಕೈಯೊಂದು ಒಳಗೆ ಬಂತು, ಅದನ್ನು ನೆಲಕ್ಕಿಟ್ಟು, ಹಾಗೆಯೇ ಹೊರಗೆ ಹೋಯಿತು. ಫಿದಾ ಎದ್ದು ಹೋಗಿ ತಂದಳು.

ನೆಬಿಸ ಒಂದು ಗುಟುಕು ಕುಡಿದು ಮುಖ ಹುಳಿ ಮಾಡಿದಳು. “ಇದು ಚಾವಾ, ಕಷಾಯವಾ?”

ಹಫ್ಸ ಎದೆಮಟ್ಟ ನೀರಿನಲ್ಲಿ ನಿಂತು, ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಕಪ್ಪಗೆ ಕುದಿದ ಆ ಚಾವನ್ನು ಕೊನೆಯ ಹನಿಯವರೆಗೂ ಕುಡಿದಳು. ಆಮೇಲೆ ಬಾಗಿಲಿನ ಕಡೆ ತಿರುಗಿ ಕೇಳಿದಳು:

“ಇನ್ನೂ ಸ್ವಲ್ಪ ಉಂಟಾ?”